ಎರಡು ಎಕರೆ ಹತ್ತು ಗುಂಟೆ ನಡುವಿನ ಗೀಟು

ಹೋದ ವರ್ಷ ಕಾಫಿ ಕೊಯ್ಲು ಮುಗಿದ ಹೊತ್ತಿಗೆ ದೋಣಿಗಲ್ ಕಡೆಯ ಹಿರಿಯರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಮನೆಯಲ್ಲಿ ಪಾಲಿನ ಮಾತು ನಡೆದಿತ್ತು. ತಮ್ಮ ಬೆಂಗಳೂರಿನಲ್ಲಿ ನೆಲೆಸಿ ಮೂವತ್ತು ವರ್ಷವಾಗಿದೆ, ತಮ್ಮನ ಮಕ್ಕಳಿಗೆ ಕನ್ನಡ ಓದುವುದು ಕಷ್ಟ. ಜಮೀನಿನ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕಳಿಸಿ ಅಂದಿದ್ದರಂತೆ. "ನೀವು ಪೇಪರ್‌ನೋರು, ಒಂದು ಪಟ್ಟಿ ಮಾಡ್ಕೊಡಿ" ಎಂದು ಹಳೆಯ ನೋಟ್‌ಬುಕ್ ಮುಂದಿಟ್ಟರು. ಅದರಲ್ಲಿ ಎರಡೇ ಸಾಲು. ಮೇಲಿನ ತೋಟ 2-10, ಕೆಳಗಿನದು 1-35.

ಇಷ್ಟೇ ತಾನೇ ಎಂದು ಎಕ್ಸೆಲ್ ತೆರೆದೆವು. 2-10 ಎಂದು ಹೊಡೆದರೆ ಅದು ಅಕ್ಟೋಬರ್ 2 ಆಯಿತು. ಗಾಂಧಿ ಜಯಂತಿ! 1-35 ಹೊಡೆದರೆ 1935ರ ಜನವರಿ ಆಯಿತು. ಸಿಟ್ಟು ಬಂದು ಗೀಟು ತೆಗೆದು ಚುಕ್ಕಿ ಇಟ್ಟೆವು. 2.10 ಎಂದು ಹೊಡೆದದ್ದನ್ನು ಅದು 2.1 ಎಂದು ತೋರಿಸಿತು, ಸೊನ್ನೆಯನ್ನು ನುಂಗಿಬಿಟ್ಟಿತ್ತು. ಅದರ ಕೆಳಗೆ 1.35. ಒಟ್ಟು ಎಷ್ಟೆಂದು ಅದೇ ಕೂಡಿಸಿ 3.45 ಎಂದು ಬರೆಯಿತು. ಹಾಗೇ ಕಳಿಸಿದೆವು.

ನಾಲ್ಕು ದಿನಕ್ಕೆ ಹಿರಿಯರು ಮತ್ತೆ ಬಂದರು. ಬೆಂಗಳೂರಿನವರು 3.45 ಎಕರೆಯನ್ನು ಚದರ ಅಡಿ ಮಾಡಿಕೊಂಡು 1,50,282 ಎಂದು ಬರೆದುಕೊಂಡಿದ್ದರು. ಊರಿನ ಲೆಕ್ಕದಲ್ಲಿ ಅದು ಎಷ್ಟಾಗಬೇಕು? ಎಕರೆಗೆ 40 ಗುಂಟೆ. ಹತ್ತು ಗುಂಟೆಗೆ ಮೂವತ್ತೈದು ಸೇರಿದರೆ ನಲವತ್ತೈದು, ಅಂದರೆ ಒಂದು ಎಕರೆ ಐದು ಗುಂಟೆ. ಒಟ್ಟು 4-05. ಗುಂಟೆಗೆ 1,089 ಚದರ ಅಡಿಯಂತೆ 1,79,685 ಚದರ ಅಡಿ. ನಾವು ಕಳಿಸಿದ ಪಟ್ಟಿಯಲ್ಲಿ 27 ಗುಂಟೆ ಮಾಯವಾಗಿತ್ತು.

"ಅಣ್ಣ ಇಪ್ಪತ್ತೇಳು ಗುಂಟೆ ಮುಚ್ಚಿಟ್ಟ ಅಂತ ನನ್ ತಮ್ಮ ಕೇಳ್ದ ಕಣಪ್ಪಾ" ಎಂದರು ಹಿರಿಯರು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

ಆ ಗೀಟು ಎಲ್ಲಿಂದ ಬಂತು, ಅದರ ಕೆಲಸವೇನು ಎಂದು ಹುಡುಕಲು ಹೊರಟದ್ದು ಅವತ್ತಿನಿಂದ. ಡಿಪ್ಲೊಮಾ ಓದುವಾಗ ಕೋಲನ್, ಡ್ಯಾಶ್, ಹೈಫನ್ ಎಂದರೆ ಇಂಗ್ಲಿಷ್ ಪರೀಕ್ಷೆಯ ಐದು ಮಾರ್ಕಿನ ಪ್ರಶ್ನೆ ಅಷ್ಟೇ. ಬಾಯಿಪಾಠ ಮಾಡಿದೆವು, ಬರೆದೆವು, ಮರೆತೆವು.

ನಮ್ಮ ಜಿಲ್ಲೆಯಿಂದಲೇ ಶುರುಮಾಡೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಎಲ್ಲರಿಗೂ ಗೊತ್ತು. 1936ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಐದನೇ ಶತಮಾನದ್ದು ಎನ್ನುತ್ತಾರೆ. ಆ ಕಾಲದ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ರೂಢಿಯೇ ಇರಲಿಲ್ಲ. ಕಲ್ಲಿನ ಅಂಚು ಬಂತೋ, ಪದ ಅಲ್ಲಿಗೇ ಮುರಿದು ಮುಂದಿನ ಸಾಲಿಗೆ ಇಳಿಯುತ್ತಿತ್ತು. ಮುರಿದಿದೆ ಎಂದು ತಿಳಿಸಲು ಗೀಟು ಇಲ್ಲ. ತಾಳೆಗರಿಯಲ್ಲೂ ಹಾಗೇ. ಪದ್ಯ ಮುಗಿದಲ್ಲಿ ಒಂದು ಅಥವಾ ಎರಡು ನಿಂತ ಗೆರೆ, ಅಷ್ಟೇ. ಓದುವವರು ಬಾಯಿಬಿಟ್ಟು ಓದುತ್ತಿದ್ದರು, ಎಲ್ಲಿ ನಿಲ್ಲಬೇಕೆಂದು ಅವರ ಉಸಿರಿಗೆ ಗೊತ್ತಿತ್ತು.

ಇನ್ನೊಂದು ಕಾರಣವೂ ಇದೆ, ಅದು ನಮ್ಮೂರಿನ ಹೆಸರಿನಲ್ಲೇ ಕೂತಿದೆ. ದೋಣಿ, ಕಲ್ಲು ಎರಡನ್ನೂ ಇಂಗ್ಲಿಷಿನವನು ಜೋಡಿಸಬೇಕಾದರೆ ನಡುವೆ ಹೈಫನ್ ಇಡಲೋ ಬೇಡವೋ ಎಂದು ಯೋಚಿಸುತ್ತಾನೆ. ಕನ್ನಡ ಆ ಕೆಲಸವನ್ನು ಅಕ್ಷರದಿಂದಲೇ ಮಾಡಿಸುತ್ತದೆ. ಕಲ್ಲಿನ 'ಕ' ಹೋಗಿ 'ಗ' ಬಂತು, ದೋಣಿಗಲ್ ಆಯಿತು. ಮಳೆ, ಕಾಲ ಸೇರಿ ಮಳೆಗಾಲ ಆದದ್ದೂ ಹೀಗೇ. ಶಾಲೆಯಲ್ಲಿ ಆದೇಶ ಸಂಧಿ ಎಂದು ಓದಿದ್ದೇವಲ್ಲ, ಅದೇ. ಪಕ್ಕದ ಹೆಗ್ಗದ್ದೆಯನ್ನು ನೋಡಿ, ಹಿರಿದು ಮತ್ತು ಗದ್ದೆ ಎಷ್ಟು ಬಿಗಿಯಾಗಿ ಅಂಟಿಕೊಂಡಿವೆ. ಸಂಧಿ, ಸಮಾಸ ಇರುವ ಭಾಷೆಗೆ ಹೈಫನ್ನಿನ ಹಸಿವು ಕಡಿಮೆ. ಅದಕ್ಕೇ ಇರಬೇಕು, ಇಂಗ್ಲಿಷ್ ಬರೆಯುವಾಗ ನಮ್ಮ ಕೈ ಹೈಫನ್ನನ್ನು ಮರೆಯುವುದು ಜಾಸ್ತಿ.

ಯುರೋಪಿನಲ್ಲೂ ಇವು ಆಕಾಶದಿಂದ ಉದುರಿದವಲ್ಲ. ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಅರಿಸ್ಟೋಫನೀಸ್ ಎಂಬ ಪಂಡಿತನಿದ್ದ. ನಾಟಕ ಬರೆದ ಅರಿಸ್ಟೋಫನೀಸ್ ಬೇರೆ, ಇವನು ಬೈಜಾಂಟಿಯಮ್ಮಿನವನು. ಗಟ್ಟಿಯಾಗಿ ಓದುವವರಿಗೆ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯಲಿ ಎಂದು ಮೂರು ಎತ್ತರದಲ್ಲಿ ಚುಕ್ಕಿ ಇಡುವ ಪದ್ಧತಿ ಮಾಡಿದ. ಕಾಮಾ ಎಂದರೆ ಗ್ರೀಕಿನಲ್ಲಿ ಕತ್ತರಿಸಿದ ತುಂಡು, ಕೋಲನ್ ಎಂದರೆ ಅಂಗ, ಕೈಕಾಲು ಇದ್ದಂತೆ. ಮೊದಲು ಇವು ವಾಕ್ಯದ ಭಾಗಗಳ ಹೆಸರು, ಆಮೇಲೆ ಚಿಹ್ನೆಯ ಹೆಸರಾದವು. ಹೈಫನ್ನಿನ ಮೂಲ ಅರ್ಥ 'ಒಂದರಡಿ', ಅಂದರೆ ಒಟ್ಟಿಗೆ. ಎರಡು ಪದದ ಕೆಳಗೆ ತೊಟ್ಟಿಲಿನ ಹಾಗೆ ಬಾಗಿದ ಗೆರೆ ಎಳೆದು ಇವೆರಡನ್ನೂ ಕೂಡಿಸಿ ಓದಿ ಎನ್ನುತ್ತಿದ್ದರು. 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕುವಾಗ ಸಾಲಿನ ಕೊನೆಯಲ್ಲಿ ಮುರಿದ ಪದಕ್ಕೆ ಎರಡು ಪುಟ್ಟ ಓರೆ ಗೆರೆ ಇಟ್ಟ. ಅಚ್ಚುಮೊಳೆ ಬಂದ ಮೇಲೆ ಅಡ್ಡಗೆರೆಗಳಲ್ಲೂ ಗಾತ್ರ ಹುಟ್ಟಿತು. ಎನ್ ಅಕ್ಷರದ ಅಗಲದ್ದು ಎನ್ ಡ್ಯಾಶ್, ಎಮ್ ಅಕ್ಷರದ ಅಗಲದ್ದು ಎಮ್ ಡ್ಯಾಶ್. ಎಲ್ಲಕ್ಕಿಂತ ಗಿಡ್ಡ ಹೈಫನ್.

ನಮ್ಮ ಸೀಮೆಗೆ ಇವು ಬಂದದ್ದು ಎರಡು ದಾರಿಯಲ್ಲಿ ಎಂದು ನಮ್ಮ ಅಂದಾಜು. ಒಂದು ಘಟ್ಟದ ಕೆಳಗಿನಿಂದ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಪ್ರೆಸ್ ಇಟ್ಟರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ತಂದರು. ಕನ್ನಡದ ಮೊದಲ ಪತ್ರಿಕೆ ಅದು, ಅದಕ್ಕೇ ಜುಲೈ 1 ಬಂದರೆ ನಮಗೆ ಪತ್ರಿಕಾ ದಿನ. ಅಲ್ಲಿಂದ ಮುಂದೆ ಬೆಳೆದ ಕನ್ನಡ ಮುದ್ರಣ ಇಂಗ್ಲಿಷಿನ ಅಲ್ಪವಿರಾಮ, ಪೂರ್ಣವಿರಾಮ, ಕೋಲನ್, ಡ್ಯಾಶ್ ಎಲ್ಲವನ್ನೂ ಒಂದೊಂದಾಗಿ ಒಳಗೆ ಬಿಟ್ಟುಕೊಂಡಿತು.

ಇನ್ನೊಂದು ದಾರಿ ಕಚೇರಿ ಮತ್ತು ಎಸ್ಟೇಟು. 1831ರಿಂದ 1881ರವರೆಗೆ ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಅದೇ ಕಾಲದಲ್ಲಿ ಮಂಜರಾಬಾದಿಗೆ ಬಿಳಿಯ ಪ್ಲಾಂಟರುಗಳು ಬಂದರು. 1850ರ ದಶಕದಲ್ಲಿ ಇಲ್ಲಿ ಕಾಫಿ ಹಾಕಿದ ರಾಬರ್ಟ್ ಎಲಿಯಟ್ ಈ ಗುಡ್ಡಗಳ ಬಗ್ಗೆ 1871ರಲ್ಲೊಂದು, 1894ರಲ್ಲೊಂದು ಪುಸ್ತಕವನ್ನೇ ಬರೆದ. ದೊರೆಗಳ ಜೊತೆ ಬಿಲ್ಲು, ಚೆಕ್‌ರೋಲು, ಲೆಡ್ಜರು ಬಂದವು. ಎಸ್ಟೇಟಿನ ಗುಮಾಸ್ತನಿಗೆ ಈಗಲೂ ನಮ್ಮ ಕಡೆ 'ರೈಟರು' ಅಂತಲೇ ಹೆಸರು. ಕಥೆ ಕವನ ಬರೆಯುವವರಿಗಿಂತ ಮೊದಲೇ ಮಲೆನಾಡಿನಲ್ಲಿ ರೈಟರಾದವರು ಲೆಕ್ಕ ಬರೆಯುವವರು!

ಆ ಲೆಕ್ಕದ ಕಾಗದದಿಂದ ನಮ್ಮ ಕೈಗೆ ಬಂದ ಎರಡು ಹಳೆಯ ಸಾಮಾನು ಇನ್ನೂ ಬಳಕೆಯಲ್ಲಿವೆ. ಮೊದಲನೆಯದು 500/- ಎಂಬುದರ ಕೊನೆಯ ಓರೆಗೆರೆ ಮತ್ತು ಗೀಟು. ಇಂಗ್ಲೆಂಡಿನಲ್ಲಿ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್ ಇದ್ದ ಕಾಲದಲ್ಲಿ 5/- ಎಂದರೆ ಐದು ಷಿಲಿಂಗ್, ಪೆನ್ಸ್ ಏನೂ ಇಲ್ಲ. ಓರೆಗೆರೆ ಎಂಬುದು ಷಿಲಿಂಗಿನ ಉದ್ದನೆಯ 'ಎಸ್' ಸವೆದು ಉಳಿದದ್ದು, ಗೀಟು ಎಂದರೆ ಸೊನ್ನೆ. 1971ರ ಫೆಬ್ರವರಿ 15ಕ್ಕೆ ಅವರು ಷಿಲಿಂಗನ್ನೇ ಕೈಬಿಟ್ಟರು, ಗೀಟೂ ಹೋಯಿತು. ನಾವು ಮದುವೆ ಮುಯ್ಯಿಯ ಪುಸ್ತಕದಲ್ಲಿ ಇವತ್ತಿಗೂ 501/- ಎಂದೇ ಬರೆಯುತ್ತೇವೆ. ಬರೆಯಲಿ ಬಿಡಿ, ಆ ಗೀಟು ಇದ್ದರೆ ಮುಂದೆ ಯಾರೂ ಒಂದು ಸೊನ್ನೆ ಸೇರಿಸಲು ಆಗುವುದಿಲ್ಲ.

ಎರಡನೆಯದು ಕೋಲನ್ನಿನ ಬಾಲಕ್ಕೆ ಅಂಟಿದ ಗೀಟು. 'ವಿಷಯ:-' ಎಂದು ಬರೆಯದೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟವರು ಯಾರಿದ್ದೀರಿ? ನಮ್ಮ ಶಾಲಾ ವ್ಯಾಕರಣದಲ್ಲಿ ಇದಕ್ಕೆ ವಿವರಣಾತ್ಮಕ ಚಿಹ್ನೆ ಎಂದು ಹೆಸರೇ ಇದೆ, ಮಾರ್ಕೂ ಇದೆ. ಇದು 18, 19ನೇ ಶತಮಾನದ ಇಂಗ್ಲಿಷ್ ಪುಸ್ತಕ, ಪತ್ರಗಳಲ್ಲಿ ಮಾಮೂಲಾಗಿದ್ದ ಜೋಡಿ. ಪಟ್ಟಿ ಬರುವ ಮುನ್ನ ಕೋಲನ್ ಹಾಕಿ, ಅದರ ಮುಂದೆ ಡ್ಯಾಶ್ ಎಳೆಯುತ್ತಿದ್ದರು. 20ನೇ ಶತಮಾನದಲ್ಲಿ ಅಲ್ಲಿನವರಿಗೆ ಇದು ಭಾರ ಅನಿಸಿತು. ಕೋಲನ್ ಒಂದೇ ಸಾಕೆಂದು ಡ್ಯಾಶನ್ನು ಬಿಟ್ಟರು. ಹಾಗಾಗಿ ಇವತ್ತು ಇಂಗ್ಲಿಷ್ ಅರ್ಜಿಯಲ್ಲಿ 'ಸಬ್ಜೆಕ್ಟ್:-' ಎಂದು ಬರೆದರೆ ಹಳೇ ಕಾಲದವರು ಅನಿಸಿಕೊಳ್ಳುತ್ತೇವೆ. ಕನ್ನಡದಲ್ಲಿ ಬರೆದರೆ ತಪ್ಪೆಂದು ನಾವು ಹೇಳಲಾರೆವು. ಕಲಿಸಿದವರು ಬಿಟ್ಟರು, ಕಲಿತ ನಾವು ಉಳಿಸಿಕೊಂಡೆವು. ಈಗ ಅದು ನಮ್ಮದೇ.

ಈಗ ಆ 2-10ರ ಗೀಟಿಗೆ ಬರೋಣ. ಇದರ ಅಣ್ಣನೊಬ್ಬನಿದ್ದ, ಅಜ್ಜಂದಿರಿಗೆ ನೆನಪಿರಬಹುದು. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಐದು ರೂಪಾಯಿ ಎಂಟಾಣೆಯನ್ನು 5-8-0 ಎಂದು ಬರೆಯುತ್ತಿದ್ದರು. ಹೊಸ ಪೈಸೆ ಬಂದ ಮೇಲೆ ಅದು 5.50 ಆಯಿತು, 5.80 ಅಲ್ಲ. ಆ ಗೀಟು ಕಳೆಯುವ ಚಿಹ್ನೆಯಲ್ಲ, ದಶಾಂಶದ ಚುಕ್ಕಿಯೂ ಅಲ್ಲ. ಅದು ಬೇಲಿ. ಬೇಲಿಯ ಈಚೆ ಒಂದು ಅಳತೆ, ಆಚೆ ಇನ್ನೊಂದು. ಹದಿನಾರು ತುಂಬಿದರೆ ಮಾತ್ರ ಬೇಲಿ ದಾಟಿ ಒಂದು ರೂಪಾಯಿ ಆಗಿ ಈಚೆ ಬರಬೇಕು. ದುಡ್ಡಿನಲ್ಲಿ ದಶಾಂಶ ಬಂದಾಗ ಸರ್ಕಾರ ಇಡೀ ದೇಶಕ್ಕೆ ಪಾಠ ಹೇಳಿತು, ಅಂಗಡಿಗಳಲ್ಲಿ ಬದಲಾವಣೆಯ ಪಟ್ಟಿ ತೂಗುಹಾಕಿದರು. ನೆಲದಲ್ಲಿ ದಶಾಂಶ ಬರಲೇ ಇಲ್ಲ. ಗುಂಟೆ ನಲವತ್ತಕ್ಕೇ ಎಕರೆ, ಆಣೆ ಹದಿನಾರಕ್ಕೇ ಗುಂಟೆ. ನಾಣ್ಯದಿಂದ ಹೋದ ಆಣೆ ಪಹಣಿಯಲ್ಲಿ ಇನ್ನೂ ಬದುಕಿದೆ.

ತೊಂದರೆ ಎಲ್ಲಾಯಿತು ಎಂದರೆ, ಶಾನುಭೋಗರ ಕೈಬರಹ ಹೋಗಿ ಕಂಪ್ಯೂಟರ್ ಪಹಣಿ ಬಂದಾಗ ಎಕರೆ, ಗುಂಟೆ, ಆಣೆ ನಡುವೆ ಚುಕ್ಕಿ ಬಿತ್ತು. 2.10 ಎಂದು ಅಲ್ಲಿ ಕಂಡರೆ ಎರಡು ಎಕರೆ ಹತ್ತು ಗುಂಟೆ ಎಂದೇ ಅರ್ಥ. ಹಳ್ಳಿಯವರು ತಪ್ಪಾಗಿ ಓದುವುದಿಲ್ಲ. ಆದರೆ ಅದೇ ಚುಕ್ಕಿಯನ್ನು ಬೆಂಗಳೂರಿನ ಹುಡುಗಿ ಕ್ಯಾಲ್ಕ್ಯುಲೇಟರಿಗೆ ಹಾಕಿದರೆ ಅದು ದಶಾಂಶವಾಗುತ್ತದೆ, 2.10 ಎಕರೆ ಎಂದರೆ ಎರಡು ಎಕರೆ ನಾಲ್ಕೇ ಗುಂಟೆ. ಆ ಹುಡುಗಿಯ ತಪ್ಪಿಲ್ಲ. ಶಾಲೆಯಲ್ಲಿ ಅವಳಿಗೆ ಕಲಿಸಿದ್ದೇ ಅದು. ತಪ್ಪು ನಡುವೆ ಕೂತು ಪಟ್ಟಿ ಮಾಡಿದ ನಮ್ಮದು.

ಇಂಥ ತಪ್ಪು ದೊಡ್ಡವರಿಗೂ ಆಗಿದೆ ಎಂಬುದೊಂದು ಸಮಾಧಾನ. 1962ರ ಜುಲೈ 22ರಂದು ಅಮೆರಿಕದ ನಾಸಾ ಶುಕ್ರ ಗ್ರಹದ ಕಡೆ ಮ್ಯಾರಿನರ್ 1 ನೌಕೆ ಹಾರಿಸಿತು. ದಾರಿ ತಪ್ಪಿತೆಂದು ಐದು ನಿಮಿಷದೊಳಗೆ ತಾವೇ ಅದನ್ನು ನಾಶ ಮಾಡಬೇಕಾಯಿತು. ಒಂದು ಹೈಫನ್ ಬಿಟ್ಟುಹೋದದ್ದೇ ಕಾರಣ ಎಂದು ಪತ್ರಿಕೆಗಳು ಬರೆದವು, ಚರಿತ್ರೆಯ ಅತಿ ದುಬಾರಿ ಹೈಫನ್ ಎಂಬ ಹೆಸರು ಅದಕ್ಕೆ ಅಂಟಿತು. ಆಮೇಲೆ ಬಂದ ವಿವರಣೆಯ ಪ್ರಕಾರ ಅದು ಹೈಫನ್ ಅಲ್ಲ, ಸೂತ್ರದ ಒಂದು ಅಕ್ಷರದ ನೆತ್ತಿಯ ಮೇಲೆ ಇರಬೇಕಿದ್ದ ಗೆರೆ. ಕೈಬರಹದಿಂದ ಕಂಪ್ಯೂಟರಿಗೆ ನಕಲು ಮಾಡುವಾಗ ಬಿಟ್ಟುಹೋಗಿತ್ತು. ಹೈಫನ್ ಎಂದು ಬರೆದವರೂ ನಮ್ಮ ಕಸುಬಿನವರೇ, ಇರಲಿ.

ಮೆಣಸು ಮಾರುವವರು ಇದೊಂದನ್ನು ಗಮನಿಸಿ. ಇಂಗ್ಲಿಷಿನಲ್ಲಿ 'ಟ್ವೆಂಟಿ ಫೈವ್ ಕೆಜಿ ಬ್ಯಾಗ್ಸ್' ಎಂದು ಗೀಟಿಲ್ಲದೆ ಮೆಸೇಜ್ ಕಳಿಸಿದರೆ ಓದುವವನು ಮೂರು ರೀತಿ ಓದಬಹುದು. 'ಟ್ವೆಂಟಿ ಫೈವ್-ಕೆಜಿ ಬ್ಯಾಗ್ಸ್' ಎಂದರೆ ಐದು ಕೆಜಿಯ ಇಪ್ಪತ್ತು ಚೀಲ, ಅಂದರೆ ನೂರು ಕೆಜಿ. 'ಟ್ವೆಂಟಿ-ಫೈವ್ ಕೆಜಿ ಬ್ಯಾಗ್ಸ್' ಎಂದರೆ ಒಂದೊಂದು ಕೆಜಿಯ ಇಪ್ಪತ್ತೈದು ಚೀಲ ಎಂದುಕೊಂಡಾರು. 'ಟ್ವೆಂಟಿ-ಫೈವ್-ಕೆಜಿ ಬ್ಯಾಗ್ಸ್' ಎಂದರೆ ಚೀಲವೊಂದಕ್ಕೆ ಇಪ್ಪತ್ತೈದು ಕೆಜಿ, ಚೀಲ ಎಷ್ಟೆಂದು ಇನ್ನೂ ಹೇಳಿಯೇ ಇಲ್ಲ. ನಾಮಪದದ ಹಿಂದೆ ಕೂತು ಒಟ್ಟಾಗಿ ಅದನ್ನು ವರ್ಣಿಸುವ ಪದಗಳನ್ನು ಹೈಫನ್ ಕಟ್ಟಿಹಾಕುತ್ತದೆ. ಎರಡೂ ಕಡೆ ಜಾಗ ಬಿಡಬಾರದು, ಬಿಟ್ಟರೆ ಕಟ್ಟು ಬಿಚ್ಚಿದ ಹಾಗೆ.

ಎನ್ ಡ್ಯಾಶಿನ ಕೆಲಸ 'ಇಂದ, ವರೆಗೆ'. 10–12 ಎಂದರೆ ಹತ್ತರಿಂದ ಹನ್ನೆರಡು. ಹಾಸನ–ಮಂಗಳೂರು ರೈಲು ಮಾರ್ಗ ಎಂದರೂ ಅದೇ, ಈ ತುದಿಯಿಂದ ಆ ತುದಿ. 1979ರಲ್ಲಿ ಆ ಮಾರ್ಗ ಶುರುವಾದ ಮೇಲೆ ನಮ್ಮ ದೋಣಿಗಲ್ ಸ್ಟೇಷನ್ ಆ ಗೀಟಿನ ಒಳಗೆಲ್ಲೋ ಇದೆ, ಸಕಲೇಶಪುರ ದಾಟಿ ಘಟ್ಟಕ್ಕೆ ಇಳಿಯುವ ಮುನ್ನ. ಗೀಟು ಇಟ್ಟ ಮೇಲೆ ಹಿಂದೆ ಇಂಗ್ಲಿಷಿನ 'ಫ್ರಮ್' ಸೇರಿಸಬೇಡಿ. ಸೇರಿಸಿದರೆ ನಡುವೆ 'ಟು' ಬರೆಯಲೇಬೇಕು. ಎಮ್ ಡ್ಯಾಶು ಎಲ್ಲಕ್ಕಿಂತ ಉದ್ದ, ಮಾತಿನ ನಡುವೆ ಫಕ್ಕನೆ ತಿರುಗುವುದಕ್ಕೆ. ಅದು ಜಾಸ್ತಿಯಾದರೆ ಓದುವವರಿಗೆ ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತ ಹಾಗಾಗುತ್ತದೆ. ಟೈಪ್‌ರೈಟರಿನಲ್ಲಿ ಈ ಮೂರಕ್ಕೂ ಇದ್ದದ್ದು ಒಂದೇ ಕೀಲಿ, ಉದ್ದದ್ದು ಬೇಕಾದವರು ಅದನ್ನೇ ಎರಡು ಸಲ ಒತ್ತುತ್ತಿದ್ದರು. ಟೈಪಿಂಗ್ ಕ್ಲಾಸಿನಲ್ಲಿ ಕಲಿತ ತಲೆಮಾರಿಗೆ ಮೂರೂ ಒಂದೇ ಎನಿಸಿದ್ದು ಅದರಿಂದಲೇ. ಮೊಬೈಲಿನಲ್ಲಿ ಮೂರೂ ಇವೆ. ಬಹುತೇಕ ಕೀಬೋರ್ಡಿನಲ್ಲಿ ಗೀಟಿನ ಕೀಲಿಯನ್ನು ಒತ್ತಿ ಹಿಡಿದರೆ ತಲೆ ಎತ್ತುತ್ತವೆ.

ಕೋಲನ್ ವಿಚಾರದಲ್ಲಿ ನಮ್ಮಂಥ ವರದಿಗಾರರದ್ದೇ ಒಂದು ದುರಭ್ಯಾಸವಿದೆ. ಕನ್ನಡ ಪತ್ರಿಕೆಯ ತಲೆಬರಹದಲ್ಲಿ ಕೋಲನ್ ಎಂದರೆ 'ಆದ್ದರಿಂದ'. 'ಮಣ್ಣು ಕುಸಿತ: ದೋಣಿಗಲ್ ಬಳಿ ಸಂಚಾರ ಬಂದ್' ಎಂದು ಮಳೆಗಾಲದಲ್ಲಿ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಇಂಗ್ಲಿಷ್ ತಲೆಬರಹದಲ್ಲಿ ಹೆಸರಿನ ಮುಂದೆ ಕೋಲನ್ ಬಂದರೆ 'ಅವರು ಹೀಗೆಂದರು' ಎಂಬ ಅರ್ಥವೂ ಇದೆ. ಹಾಗಾಗಿ ಕನ್ನಡದ ತಲೆಬರಹವನ್ನು ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ಕಾಡಾನೆಯೇ ಹೇಳಿಕೆ ಕೊಟ್ಟಂತೆ ಆಗಿಬಿಡುತ್ತದೆ! ವಾಕ್ಯದ ಒಳಗೆ ಬರೆಯುವಾಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ. ಕೋಲನ್ನಿನ ಹಿಂದಿನ ಮಾತು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. 'ವಿ ಗ್ರೋ ತ್ರೀ ಕ್ರಾಪ್ಸ್: ಕಾಫಿ, ಪೆಪ್ಪರ್ ಆ್ಯಂಡ್ ಕಾರ್ಡಮಮ್' ಸರಿ. 'ವಿ ಗ್ರೋ: ಕಾಫಿ' ಎಂದು ಕ್ರಿಯಾಪದದ ಬೆನ್ನಿಗೇ ಚುಚ್ಚಿದರೆ ತಪ್ಪು.

ಕನ್ನಡದಲ್ಲಿ ಕೋಲನ್ನಿಗೆ ಇನ್ನೊಂದು ಜಗಳ ಇದೆ, ವಿಸರ್ಗದ ಜೊತೆ. ನೋಡಲು ಅವಳಿ ಜವಳಿ. 'ದುಃಖ' ಬರೆಯುವಾಗ ವಿಸರ್ಗ ಸಿಗದೆ ಕೋಲನ್ ಹಾಕಿ 'ದು:ಖ' ಮಾಡುತ್ತಾರೆ. ಅತ್ತ ಅರ್ಜಿಯಲ್ಲಿ 'ವಿಷಯಃ' ಎಂದು ವಿಸರ್ಗ ಹಾಕಿ ಸಂಸ್ಕೃತ ಮಾಡುತ್ತಾರೆ. ಕಣ್ಣಿಗೆ ಎರಡೂ ಒಂದೇ, ಫೋನಿಗೆ ಬೇರೆ ಬೇರೆ. ವಿಸರ್ಗ ಕನ್ನಡ ವರ್ಣಮಾಲೆಯಲ್ಲಿ ಅನುಸ್ವಾರದ ಜೊತೆಗಾರ, ಕೋಲನ್ ಹೊರಗಿನ ಚಿಹ್ನೆ. ಕೋಲನ್ ಹಾಕಿ ಬರೆದ ಪದವನ್ನು ಫೋನಿನಲ್ಲಿ ವಿಸರ್ಗ ಹಾಕಿ ಹುಡುಕಿದರೆ ಸಿಗದೇ ಹೋಗಬಹುದು.

ಆ ಹಿರಿಯರ ಪಟ್ಟಿಯನ್ನು ಮತ್ತೆ ಮಾಡಿದೆವು. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು, ಕೂಡಿಸಿದ್ದು ಕೈಯಲ್ಲಿ. ಎಕ್ಸೆಲ್‌ನಲ್ಲಿ ಗೀಟೇ ಬೇಕೆಂದರೆ ಅಂಕಿಯ ಹಿಂದೆ ಒಂದು ಅಪಾಸ್ಟ್ರಫಿ ಹಾಕಿ ಹೊಡೆಯಿರಿ, ಅದು ತಾರೀಖು ಆಗುವುದಿಲ್ಲ. ಇದು ನಮಗೆ ಆಮೇಲೆ ಗೊತ್ತಾಯಿತು. ಪಟ್ಟಿಯ ಕೆಳಗೆ, ಎಕರೆಗೆ 40 ಗುಂಟೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿ, ಮೊದಲ ಪಟ್ಟಿಯ ತಪ್ಪು ನಮ್ಮದೆಂದು ಬರೆದು ಕಳಿಸಿದೆವು. ತಮ್ಮ ಫೋನ್ ಮಾಡಿದರಂತೆ. ಏನು ಮಾತಾಡಿದರೋ ನಾವು ಕೇಳಲಿಲ್ಲ. ಯುಗಾದಿಗೆ ಬೆಂಗಳೂರಿನ ಕಾರು ಆ ಮನೆಯ ಅಂಗಳದಲ್ಲಿ ನಿಂತಿತ್ತು.

ಹಿರಿಯರು ಮಾತ್ರ ಹೊಸ ಪಟ್ಟಿಯನ್ನೂ ಪೂರ್ತಿ ನಂಬಲಿಲ್ಲ. ಪ್ರಿಂಟ್ ತೆಗೆಸಿಕೊಂಡು, ಅಂಕಿಗಳ ಪಕ್ಕದಲ್ಲೇ ಬಾಲ್‌ಪೆನ್ನಿನಲ್ಲಿ 4 ಬರೆದು, ಬೆರಳುದ್ದ ಗೀಟು ಎಳೆದು, 05 ಎಂದು ಬರೆದರು. "ಇಷ್ಟುದ್ದ ಇದ್ರೆ ಯಾವ ಮಿಷನ್ನೂ ನುಂಗಕ್ಕಾಗಲ್ಲ" ಅಂದರು.